ನುಡಿಯದ ತಂಬೂರಿಯ ತಂತಿ

ದಿನನಿತ್ಯ ನುಡಿಯುವ ತಂಬೂರಿಯ ತಂತಿಯನ್ನು ಎಂದು ಬದಲಿಸಬೇಕೆಂದು ಯಾರೂ ಕೇಳುವುದಿಲ್ಲ. ಅದನ್ನು ಹಿಡಿದು ಕೂಡುವ ಗಾಯಕನಿಗೆ ಅವನ ಕಿವಿಯೇ ಅದನ್ನು ತಿಳಿಸುತ್ತದೆ. ಕಿವಿ ತಿಳಿಸುವುದಕ್ಕೆ ಮೊದಲೇ ತಂತಿ ಹರಿದು ತಾನೇ ತೀರ್ಮಾನ ಹೇಳಿಬಿಡುವುದೂ ಉಂಟು. ಪ್ರಶ್ನೆ ಹುಟ್ಟುವುದು ವರುಷಕ್ಕೆ ಎರಡೋ ಮೂರೋ ಸಲ ಮಾತ್ರ ಗವಸಣಿಗೆಯಿಂದ ಹೊರಬರುವ ತಂಬೂರಿಯ ವಿಷಯದಲ್ಲಿ. ಬಸವ ಜಯಂತಿಗೊಮ್ಮೆ, ವಾರ್ಷಿಕ ಸ್ನೇಹಸಮ್ಮೇಲನಕ್ಕೊಮ್ಮೆ, ಹೊರಗಿನ ಗಾಯಕರು ದಯಮಾಡಿಸಿದಾಗ ಇನ್ನೊಮ್ಮೆ ಅದನ್ನು ವೇದಿಕೆಗೆ ತರುತ್ತಾರೆ. ಕಾರ್ಯಕ್ರಮ ಮುಗಿದೊಡನೆ ಮತ್ತೆ ಮೂಲೆಗೆ ಒರಗಿಸುತ್ತಾರೆ. ಇಂಥ ತಂಬೂರಿ ಇಂದು ನಾಡಿನ ಎಷ್ಟೋ ವಿದ್ಯಾಸಂಸ್ಥೆಗಳಲ್ಲಿದೆ.

ಇದು ಹೀಗಾದುದಕ್ಕೆ ಯಾರನ್ನೂ ದೂರಬೇಕಾಗಿಲ್ಲ. 1980ರ ದಶಕದಿಂದೀಚೆಗೆ ಬೆಂಗಳೂರಿನಲ್ಲಿ ತಯಾರಾದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಮನೆಮನೆಗೂ ಬಂದವು. ಈಗಂತೂ ಅಂಗೈಯಗಲದ ಮೊಬೈಲಿನಲ್ಲಿಯೇ ತಂಬೂರಿ ಅಡಗಿದೆ. ಅದಕ್ಕೆ ಬಿರಡೆಯಿಲ್ಲ, ತಂತಿಯಿಲ್ಲ, ಮುನಿಸಿಲ್ಲ. ಬಸ್ಸಿನಲ್ಲಿ ಹೊತ್ತೊಯ್ಯುವಾಗ ಬುರುಡೆ ಒಡೆದೀತೆಂಬ ಭಯವೂ ಇಲ್ಲ. ಅಭ್ಯಾಸಿಗಳಿಗೆ ಅದರಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಆ ಸೌಕರ್ಯದ ನೆರಳಿನಲ್ಲಿ ನಿಜವಾದ ತಂಬೂರಿ ವೇದಿಕೆಯ ಅಲಂಕಾರವಾಗಿ ಉಳಿಯಿತೆಂಬುದೂ ಸುಳ್ಳಲ್ಲ.

ನುಡಿಸದೆ ಇಟ್ಟ ತಂತಿ ಸವೆಯುವುದಿಲ್ಲ, ಸವೆಯದುದು ಹಳೆಯದಾಗುವುದಿಲ್ಲ ಎಂಬ ನಂಬಿಕೆಯೊಂದು ಬಳಕೆಯಲ್ಲಿದೆ. ಇದು ಅರ್ಧ ಸತ್ಯ. ಬೆರಳಿನ ಬೆವರು, ಎಣ್ಣೆಯ ಜಿಡ್ಡುಗಳು ತಂತಿಯ ಪರಮ ಶತ್ರುಗಳು. ಮುಟ್ಟದ ತಂತಿಗೆ ಅವುಗಳ ಬಾಧೆಯಿಲ್ಲವೆಂಬುದು ನಿಜ. ಆದರೆ ಗಾಳಿಯಲ್ಲಿರುವ ತೇವಕ್ಕೆ ರಜೆಯಿಲ್ಲ. ತಂಬೂರಿಯ ನಾಲ್ಕು ತಂತಿಗಳಲ್ಲಿ ನಡುವಣ ಜೋಡಿ ಉಕ್ಕಿನದು. ಕೊನೆಯ ಖರಜ ಸಾಮಾನ್ಯವಾಗಿ ಹಿತ್ತಾಳೆಯದು. ಮೊದಲನೆಯ ಪಂಚಮ, ತಂಬೂರಿಯ ಗಾತ್ರವನ್ನೂ ಗಾಯಕರ ಶ್ರುತಿಯನ್ನೂ ಅನುಸರಿಸಿ ಎರಡರಲ್ಲೊಂದು. ಧಾರವಾಡದ ಒಂದು ಮಳೆಗಾಲ ಸಾಕು, ಗೋಡೆಗೆ ತಾಗಿ ನಿಂತ ತಂಬೂರಿಯ ಉಕ್ಕಿನ ತಂತಿಯಲ್ಲಿ ಸಾಸಿವೆಕಾಳಿನಂಥ ತುಕ್ಕಿನ ಚುಕ್ಕೆಗಳು ಮೂಡುವುದಕ್ಕೆ. ಹಿತ್ತಾಳೆ ಮೊದಲು ಮಂಕಾಗುತ್ತದೆ, ಆಮೇಲೆ ಕಿಲುಬು ಹಿಡಿಯುತ್ತದೆ. ತುಕ್ಕು ಸೇರಿದ ತಂತಿಯ ತೂಕ ಎಲ್ಲೆಡೆಯೂ ಸಮನಾಗಿರುವುದಿಲ್ಲ. ಸಮನಾಗಿಲ್ಲದ ತಂತಿಯನ್ನು ಎಷ್ಟು ಶ್ರುತಿ ಮಾಡಿದರೂ ಅದು ತನ್ನೊಳಗೇ ತಾನು ಜಗಳವಾಡುತ್ತದೆ.

ಈ ಪ್ರಶ್ನೆ ತಂಬೂರಿಗೆ ಮಾತ್ರ ಬಂದುದಲ್ಲ. ಪಾಶ್ಚಾತ್ಯರಲ್ಲಿ ಬೇಸ್ ಗಿಟಾರ್ ಎಂಬ ವಾದ್ಯವಿದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಅದು ಪ್ರಚಾರಕ್ಕೆ ಬಂತು. ಅದಕ್ಕೂ ನಾಲ್ಕೇ ತಂತಿಗಳು. ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುವಷ್ಟು ದಪ್ಪನಾದುದು. ಒಂದು ಜೊತೆ ತಂತಿಗೆ ಸಾವಿರಾರು ರೂಪಾಯಿ ತೆರಬೇಕಾದುದರಿಂದ, ಅಪರೂಪಕ್ಕೆ ನುಡಿಸುವವರು ಅದನ್ನು ಬದಲಿಸಲು ಹಿಂದೆಮುಂದೆ ನೋಡುವುದು ಸಹಜವೇ. ಅವರ ಪಾಲಿಗೆ ಒಂದು ಸಮಾಧಾನವೂ ಇದೆ. ಡೆಟ್ರಾಯಿಟ್ ನಗರದ ಮೋಟೌನ್ ಧ್ವನಿಮುದ್ರಿಕೆಗಳಿಗೆ ಬೇಸ್ ನುಡಿಸಿ ವಿಖ್ಯಾತನಾದ ಜೇಮ್ಸ್ ಜೇಮರ್ಸನ್, 1983ರಲ್ಲಿ ತೀರಿಕೊಂಡವನು, ತಂತಿ ಹರಿದ ಹೊರತು ಅದನ್ನು ಬದಲಿಸುತ್ತಿರಲಿಲ್ಲವಂತೆ. ಹಳೆಯ ತಂತಿಯ ಮಂದವಾದ, ದುಂಡನೆಯ ನಾದವೇ ಅವನಿಗೆ ಬೇಕಾಗಿತ್ತು. ಹೊಸ ತಂತಿಯ ಝಣತ್ಕಾರವನ್ನೇ ಬಯಸುವ ಬೇಸ್ ವಾದಕರೂ ಇದ್ದಾರೆ. ಅದು ಅವರವರ ರುಚಿ. ಹಾಡಿಗೆ ಅಡಿಗಲ್ಲಾಗಿ ನಿಲ್ಲುವ ವಾದ್ಯಕ್ಕೆ ಮೇಲಿನ ಮಿನುಗು ಹೋದರೂ ನಡೆಯುತ್ತದೆ. ಒಮ್ಮೊಮ್ಮೆ ಹೋದರೇ ಚೆನ್ನ.

ತಂಬೂರಿಗೆ ಈ ಸಮಾಧಾನವಿಲ್ಲ. ತಂಬೂರಿಯಲ್ಲಿ ರಾಗವನ್ನು ಯಾರೂ ನುಡಿಸುವುದಿಲ್ಲ, ತಾಳವನ್ನು ಹಾಕುವುದಿಲ್ಲ. ಅದರ ಸರ್ವಸ್ವವೂ ಆ ಮೇಲಿನ ಮಿನುಗೇ. ಅಗಲವಾಗಿ, ತುಸುವೇ ಬಾಗಿದ ಬೆನ್ನುಳ್ಳ ಕುದುರೆಯ ಮೇಲೆ ತಂತಿ ಹಾಯುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರ. ಕಂಪಿಸುವ ತಂತಿ ಕುದುರೆಯ ಬೆನ್ನನ್ನು ಮುಟ್ಟುತ್ತ ಬಿಡುತ್ತ ಹೋದಂತೆ ಒಂದು ಸ್ವರದೊಳಗಿಂದ ಹಲವು ಸ್ವರಗಳು ಹೊರಡುತ್ತವೆ. ಇದಕ್ಕೆ ಜವಾರಿ ಎನ್ನುತ್ತಾರೆ. ಮೀಟಿದ ಸ್ಥಾನಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಹುಟ್ಟಲಾರವೆಂಬ ಪಾಶ್ಚಾತ್ಯ ನಿಯಮವೊಂದು ತಂಬೂರಿ, ವೀಣೆಗಳ ಮಟ್ಟಿಗೆ ನಿಲ್ಲುವುದಿಲ್ಲವೆಂದು ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಬರೆದು ತೋರಿಸಿದರು. ಖರಜದ ತಂತಿಯನ್ನು ಮೀಟಿದಾಗ, ಯಾರೂ ಕಟ್ಟದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದಲ್ಲ, ಸಂಗೀತಜ್ಞರು ಸ್ವಯಂಭೂ ಗಾಂಧಾರವೆಂದು ಕರೆಯುವ ಆ ಸ್ವರ ಈ ಜವಾರಿಯ ಫಲ.

ತಂತಿ ಮುಪ್ಪಾದಾಗ ಮೊದಲು ಅಡಗುವುದು ಇಂಥ ಮೇಲಿನ ಸ್ವರಗಳೇ. ಷಡ್ಜ ಇರುತ್ತದೆ, ಪಂಚಮ ಇರುತ್ತದೆ, ಗಾಂಧಾರ ಹೊರಟುಹೋಗಿರುತ್ತದೆ. ಆದುದರಿಂದ, ತಂತಿಯನ್ನು ಬದಲಿಸಬೇಕಾದ ಕಾಲ ಯಾವುದೆಂಬ ಪ್ರಶ್ನೆಗೆ ಪಂಚಾಂಗದಲ್ಲಿ ಉತ್ತರ ಹುಡುಕಬಾರದು. ಆರು ತಿಂಗಳು, ವರುಷ ಎಂಬ ಲೆಕ್ಕಗಳು ಮಳೆನಾಡಿಗೂ ಬಯಲುಸೀಮೆಗೂ ಒಂದೇ ಆಗಲಾರವು. ಶ್ರುತಿ ಕೂಡಿಸಿ, ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಗಾಂಧಾರ ಕೇಳಿಬರುತ್ತದೆಯೇ ಎಂದು ಆಲಿಸಬೇಕು. ಎಷ್ಟು ಸರಿಸಿದರೂ ಖರಜ ಮೂಕವಾಗಿಯೇ ಉಳಿದರೆ ತಂತಿಯ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಜೋಡಿಯ ತಂತಿಗಳೆರಡೂ ಒಂದಾಗಿ ಕರಗದೆ ಅಲೆಯಲೆಯಾಗಿ ತೂಗುತ್ತಿದ್ದರೆ, ಬಿಳಿಯ ಬಟ್ಟೆಯಿಂದ ತಂತಿಯನ್ನೊಮ್ಮೆ ಸವರಿ ನೋಡಬೇಕು. ಬಟ್ಟೆ ಕೆಂಪಗೋ ಕಪ್ಪಗೋ ಆದರೆ ಮತ್ತೆ ವಿಚಾರಿಸುವುದೇನಿದೆ? ಜೋಡಿಯಲ್ಲಿ ಒಂದು ಹರಿದರೆ ಎರಡನ್ನೂ ಬದಲಿಸುವುದು ವಿಹಿತ. ಹಳೆಯದಕ್ಕೂ ಹೊಸದಕ್ಕೂ ಸ್ವರ ಕೂಡಿದರೂ ಬಣ್ಣ ಕೂಡುವುದಿಲ್ಲ.

ಹೊಸ ತಂತಿ ಹಾಕಿಯೂ ಗಾಂಧಾರ ಬಾರದಿದ್ದರೆ ದೋಷ ಕುದುರೆಯದು. ವರುಷಗಟ್ಟಲೆ ಒಂದೇ ಎಡೆಯಲ್ಲಿ ಬಿಗಿದು ನಿಂತ ತಂತಿ ಅದರ ಬೆನ್ನಿನಲ್ಲಿ ಗೀರು ಕೊರೆದಿರುತ್ತದೆ. ಅದನ್ನು ಅರದಿಂದ ತೀಡಿ ಜವಾರಿ ತೆಗೆಯುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಉತ್ತರ ಕರ್ನಾಟಕದವರಿಗೆ ಮಿರಜ ದೂರವೇನಲ್ಲ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರದು. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಕಿವಿಯಿಂದಲೇ ಕುದುರೆಯನ್ನು ತೀಡಬಲ್ಲ ಕುಶಲರು ಆ ಪೇಟೆಯಲ್ಲಿ ಇಂದಿಗೂ ಇದ್ದಾರೆ.

ಇಲ್ಲಿ ದಾನಿಗಳ ಸನ್ನಿಧಿಯಲ್ಲಿ ಒಂದು ಮಾತು. ತಂಬೂರಿಯನ್ನು ಕೊಡುಗೆಯಾಗಿ ನೀಡುವವರು ಧಾರಾಳವಾಗಿ ದೊರೆಯುತ್ತಾರೆ. ಬುರುಡೆಯ ಮೇಲೆ ಹೆಸರೂ ಬರೆದಿರುತ್ತದೆ. ತಂತಿಯನ್ನು ಕೊಡುಗೆಯಾಗಿ ಕೊಟ್ಟವರುಂಟೆ? ತಂತಿಯ ಮೇಲೆ ಹೆಸರು ಬರೆಯಲು ಸ್ಥಳವಿಲ್ಲದಿರುವುದೇ ಅದಕ್ಕೆ ಕಾರಣವಿರಬಹುದು. ಬೆಲೆಬಾಳುವ ವಾದ್ಯವೊಂದು ಅಲ್ಪಮೌಲ್ಯದ ನಾಲ್ಕು ತಂತಿಗಳಿಲ್ಲದೆ ಮೂಕವಾಗಿ ನಿಂತಿರುವುದು ವಿಷಾದದ ಸಂಗತಿ. ಗವಸಣಿಗೆಯ ಜೇಬಿನಲ್ಲಿ ಒಂದು ಜೊತೆ ತಂತಿಯನ್ನು ಎಣ್ಣೆಕಾಗದದಲ್ಲಿ ಸುತ್ತಿಟ್ಟು, ಹಿಂದಿನ ಸಲ ಬದಲಿಸಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದಿಡುವ ಸಂಗೀತ ಶಿಕ್ಷಕರೂ ಇದ್ದಾರೆ. ಅಂಥವರ ತಂಬೂರಿ ಮೂಲೆಯಲ್ಲಿದ್ದರೂ ಅನಾಥವಲ್ಲ.

ಬದಲಿಸುವ ಮುಹೂರ್ತ ಸಮಾರಂಭದ ದಿನ ಬೆಳಗ್ಗೆ ಮಾತ್ರ ಆಗಕೂಡದು. ಹೊಸ ತಂತಿ ಬಿಗಿತಕ್ಕೆ ಒಗ್ಗುವತನಕ ಹಿಗ್ಗುತ್ತಲೇ ಇರುತ್ತದೆ. ಪ್ರಾರ್ಥನೆಯ ನಡುವೆ ಪಂಚಮ ಕೆಳಗಿಳಿದು ಹಾಡುವ ಮಕ್ಕಳು ಕಂಗಾಲಾಗುವುದನ್ನು ಸಭಿಕರು ಎಷ್ಟು ಸಲ ನೋಡಿಲ್ಲ! ಎಂಟು ದಿನ ಮುಂಚಿತವಾಗಿ, ಒಂದನ್ನು ಬಿಚ್ಚಿ ಅದರ ಸ್ಥಾನದಲ್ಲಿ ಹೊಸದನ್ನು ಏರಿಸಿದ ಮೇಲೆ ಇನ್ನೊಂದರ ಗೊಡವೆಗೆ ಹೋಗಬೇಕು. ಆ ಎಂಟು ದಿನ ಬೆಳಗ್ಗೆ, ಸಂಜೆ ಶ್ರುತಿ ಮಾಡಬೇಕಾಗುತ್ತದೆ. ಆ ಕೆಲಸವನ್ನು ಶಿಕ್ಷಕರು ವಿದ್ಯಾರ್ಥಿಗಳಿಗೇ ಒಪ್ಪಿಸುವುದು ಲೇಸು. ಗುಂಡಿ ಒತ್ತಿದರೆ ಹೊರಡುವ ಶ್ರುತಿಯಲ್ಲಿಯೇ ಬೆಳೆದ ಹುಡುಗನೊಬ್ಬ ಬಿರಡೆಯನ್ನು ತಿರುವಿ, ಮಣಿಯನ್ನು ಸರಿಸಿ, ದಾರವನ್ನು ಹೊಂದಿಸಿ, ಖರಜವನ್ನು ಮೀಟಿ, ಯಾರೂ ಕಟ್ಟದ ಆ ಗಾಂಧಾರವನ್ನು ಮೊದಲ ಬಾರಿಗೆ ತನ್ನ ಕಿವಿಯಿಂದಲೇ ಕೇಳಬೇಕಾಗಿದೆ.