ಬೆಸಗರಹಳ್ಳಿಯಲ್ಲಿ ದೊರೆತ ಪ್ರಸಾದ

ಶರಣರ ನೆಲೆಗಳನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬುದು ನಮ್ಮ ತಾಯಿಯವರ ಬಹುದಿನದ ಹಂಬಲ. ಮಾರ್ಗಶಿರದಲ್ಲಿ ಅದು ಕೈಗೂಡಿತು. ಬೀದರ ಜಿಲ್ಲೆಯ ಬಸವಕಲ್ಯಾಣ, ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ, ಚೆನ್ನಬಸವಣ್ಣನವರು ಐಕ್ಯರಾದ ಉಳವಿ, ಬಳಿಕ ಸಿದ್ಧಗಂಗೆ, ಕಡೆಗೆ ತೋಂಟದ ಸಿದ್ಧಲಿಂಗೇಶ್ವರರ ಎಡೆಯೂರು. ಹೀಗೆ ಹನ್ನೆರಡು ದಿನಗಳ ಪ್ರಯಾಣ. ಅಷ್ಟು ದಿನವೂ ತಾಯಿಯವರು ಮಠಗಳ ಪ್ರಸಾದ ಮತ್ತು ನಾವು ಕಟ್ಟಿಕೊಂಡು ಹೋಗಿದ್ದ ಬುತ್ತಿಯ ಹೊರತು ಬೇರೇನನ್ನೂ ಮುಟ್ಟಲಿಲ್ಲ. ಎಪ್ಪತ್ತೇಳರ ವಯಸ್ಸು, ಬಾಲ್ಯದಿಂದ ಹಿಡಿದ ನೇಮ. ಲಿಂಗವಂತರಲ್ಲದವರ ಮನೆಯ ಅಡುಗೆಯನ್ನು ಅವರು ಅದುವರೆಗೆ ಉಂಡವರಲ್ಲ.

ನಂಜನಗೂಡಿನ ಕಡೆಯ ನಮ್ಮೂರಿಗೆ ಮರಳುವ ದಾರಿಯಲ್ಲಿ ಒಂದು ರಾತ್ರಿ ತಂಗುವುದು ಅನಿವಾರ್ಯವಾಗಿತ್ತು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ನಮ್ಮ ಮಿತ್ರರೊಬ್ಬರಿದ್ದಾರೆ. ಮೈಸೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು, ಒಕ್ಕಲಿಗರು, ಬೇಸಾಯಗಾರರು. ತಮ್ಮ ಮನೆಗೆ ಬರದೆ ಮುಂದೆ ಹೋಗಕೂಡದೆಂದು ಅವರ ಹಟ. ಕುಣಿಗಲ್, ಹುಲಿಯೂರುದುರ್ಗಗಳನ್ನು ದಾಟಿ ಮದ್ದೂರಿಗೆ ಬಂದು, ಅಲ್ಲಿಂದ ಆ ಊರನ್ನು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ವೈದ್ಯರೂ ಕಥೆಗಾರರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರು (1938–1998) ತಮ್ಮ ಹೆಸರಿನೊಂದಿಗೇ ಕನ್ನಡ ನಾಡಿಗೆಲ್ಲ ಪರಿಚಯಿಸಿದ ಊರು ಅದು. ಎಲ್ಲಿಂದಲೋ ಆಲೆಮನೆಯ ಬೆಲ್ಲದ ಕಂಪು ತೇಲಿಬರುತ್ತಿತ್ತು.

ಮಿತ್ರರ ತಾಯಿ ಬಾಗಿಲಲ್ಲೇ ಕಾದಿದ್ದರು. ಕೈಕಾಲಿಗೆ ನೀರು ಕೊಟ್ಟು, ಒಳಮನೆಯ ಒಂದು ಮೂಲೆಯನ್ನು ಸಾರಿಸಿ, ರಂಗೋಲಿಯಿಟ್ಟು, ಬೆಳಗಿದ ತಾಮ್ರದ ಚೆಂಬಿನಲ್ಲಿ ನೀರು ತಂದಿಟ್ಟರು. ನಮ್ಮ ತಾಯಿಯವರು ಇಷ್ಟಲಿಂಗ ಪೂಜೆ ಮುಗಿಸುವವರೆಗೆ ಮಕ್ಕಳನ್ನು ಆ ಕಡೆ ಸುಳಿಯಗೊಡಲಿಲ್ಲ. ಪೂಜೆಯಾದ ಮೇಲೆ ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತುಪ್ಪ, ತರಕಾರಿಗಳನ್ನು ತಂದು ಮುಂದಿಟ್ಟು ಹೇಳಿದರು:

"ನಮ್ಮ ಮನೇಲಿ ನೀವು ಉಣ್ಣಕ್ಕಿಲ್ಲ ಅಂತ ಗೊತ್ತು ಅಕ್ಕ. ಹಿತ್ತಲಲ್ಲಿ ಹೊಸ ಒಲೆ ಹೂಡಿಸಿವ್ನಿ, ಹೊಸ ಮಡಕೆ ತಂದಿವ್ನಿ. ನೀವೇ ಬೇಯಿಸ್ಕೊಳ್ಳಿ."

ಲಿಂಗವಂತ ಅತಿಥಿಗಳಿಗೆ, ಜಂಗಮರಿಗೆ ಹೀಗೆ ಪಡಿ ಕೊಡುವ ಪದ್ಧತಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿಂದಿನಿಂದಲೂ ನಡೆದುಬಂದದ್ದೇ. ಅದರಲ್ಲಿ ಗೌರವವೂ ಇದೆ, ದೂರವೂ ಇದೆ. ತಾಯಿಯವರು ಮೊರವನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಬಳಿಕ ಕೇಳಿದರು:

"ನಿನ್ನ ಮನೇಲಿ ಇವತ್ತು ಏನು ಅಡುಗೆ ತಂಗ್ಯವ್ವ?"

"ಅವರೆಕಾಳಿನ ಸಾರು, ಮುದ್ದೆ. ನೀವು ಬರ್ತೀರ ಅಂತ ತಿಳಿದಾಗಿಂದ ಮೂರು ದಿನ ಆಯ್ತು, ಒಲೆ ಮೇಲೆ ಬ್ಯಾರೆ ಏನೂ ಇಟ್ಟಿಲ್ಲ."

"ಹಂಗಾದ್ರೆ ಅದನ್ನೇ ಬಡಿಸು. ಈ ಇಳಿಹೊತ್ತಲ್ಲಿ ಇನ್ನೊಂದು ಒಲೆ ಯಾಕೆ?"

ಆ ಮಾತು ನಮಗೂ ಅನಿರೀಕ್ಷಿತ. ಮಿತ್ರರ ತಾಯಿ ತಕ್ಷಣ ಉತ್ತರಿಸಲಾರದೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ತಾಯಿಯವರು ಬಡಿಸಿದ್ದನ್ನು ಲಿಂಗಕ್ಕೆ ಅರ್ಪಿಸಿ, ನಿಧಾನವಾಗಿ, ಒಂದಗುಳೂ ಬಿಡದೆ ಸ್ವೀಕರಿಸಿದರು. ಮೊರದಲ್ಲಿದ್ದ ಪಡಿ ಇದ್ದಂತೆಯೇ ಮನೆಯ ಕಣಜಕ್ಕೆ ಮರಳಿತು. ಕಬ್ಬಿನ ಹಣ ಕೈಸೇರದೆ ಆ ಮನೆಯವರು ಇಕ್ಕಟ್ಟಿನಲ್ಲಿದ್ದರೆಂಬುದು ನಮಗೆ ತಿಳಿದದ್ದು ಮರುದಿನ, ಅದೂ ನೆರೆಯವರ ಮಾತಿನಿಂದ.

ಊರಿಗೆ ಬಂದ ಮೇಲೆ ಬಂಧುಗಳಲ್ಲಿ ಕೆಲವರು ಆಕ್ಷೇಪಿಸದಿರಲಿಲ್ಲ. ಯಾತ್ರೆ ಮಾಡಿ ಬಂದವರು ಕೊನೆಯಲ್ಲಿ ನೇಮ ಬಿಡಬಹುದೇ ಎಂದರು. ತಾಯಿಯವರು ವಾದಕ್ಕಿಳಿಯಲಿಲ್ಲ. "ಆಯಮ್ಮ ನನಗೋಸ್ಕರ ಮೂರು ದಿನ ನೇಮ ಹಿಡಿದಳು. ಅವಳ ನೇಮಕ್ಕೆ ಬೆಲೆ ಇಲ್ಲವೇ?" ಎಂದಷ್ಟೇ ಕೇಳಿದರು.

ಈ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡುವುದಕ್ಕಾಗಿಯೇ ಇಷ್ಟನ್ನು ಬರೆದಿದ್ದೇವೆ. ಬಸವಣ್ಣನವರು ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದರೆಂದು ಬಿಜ್ಜಳನಲ್ಲಿ ದೂರು ಹೋದ ಪ್ರಸಂಗ ನಮ್ಮ ಪುರಾಣ ಕಾವ್ಯಗಳಲ್ಲಿದೆ. ಅಂದು ದೂರಿದವರ ಪಕ್ಷದಲ್ಲಿ ಇಂದು ನಾವು ನಿಲ್ಲಬಾರದಷ್ಟೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯರನ್ನು ಹಿರಿಯರೆಂದು ನೆನೆಯುವ ನಾವು ಅವರ ಕಾಯಕವನ್ನು ಹಾಡಿ ಹೊಗಳಿ, ಅಂಥವರ ಮನೆಯ ಹೊಸ್ತಿಲ ಬಳಿ ಹಿಂಜರಿದರೆ ಆ ನೆನಕೆಗೆ ಅರ್ಥವೇನು? ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಕ್ಕುವ ಸಿದ್ಧಗಂಗೆಯ ದಾಸೋಹವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅನ್ನ ಕೊಡುವಾಗ ಕೇಳದ ಕುಲವನ್ನು ಅನ್ನ ಕೊಳ್ಳುವಾಗ ಕೇಳುವುದು ಯಾವ ನ್ಯಾಯ?

ನೇಮ ಹಿಡಿದ ಹಿರಿಯರನ್ನು ನಾವು ಹಳಿಯುವುದಿಲ್ಲ. ಶುಚಿಯಾದ ಆಹಾರ, ಲಿಂಗಾರ್ಪಣೆ, ಪ್ರಸಾದ ಪ್ರಜ್ಞೆ ಇವು ನಮ್ಮ ಧರ್ಮದ ಜೀವಾಳ. ಬೆಸಗರಹಳ್ಳಿಯ ಆ ರಾತ್ರಿ ಇವುಗಳಲ್ಲಿ ಯಾವುದಕ್ಕೂ ಕೊರತೆಯಾಗಲಿಲ್ಲ. ಆಯ್ದು ತಂದ ಅಕ್ಕಿ ಹೆಚ್ಚಾಯಿತೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನು ಮನದ ಶುದ್ಧಿಯನ್ನೇ ಸಿರಿಯೆಂದು ತಿಳಿದವಳು. ಆ ಸಿರಿ ಯಾರ ಮನೆಯಲ್ಲಿ ಕಂಡರೂ ಅದಕ್ಕೆ ಶರಣೆನ್ನುವುದು ಶರಣ ಧರ್ಮ. ನಮ್ಮ ಮನೆಗಳ ಹಿರಿಯರು, ಅದರಲ್ಲಿಯೂ ತಾಯಂದಿರು, ಈ ಮಾತನ್ನು ಮಕ್ಕಳ ಕಿವಿಗೆ ಹಾಕಲಿ. ಅವರ ನಡೆಯಲ್ಲಿ ಕಂಡರೆ ಮಕ್ಕಳು ಅದನ್ನು ತಾವಾಗಿಯೇ ಕಲಿತಾರು.