ಅಂಚಿನ ಮೇಲಿನ ಹೆಸರು

ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಕೈಗೆ ಬಂದಾಗ ಹೆಚ್ಚಿನವರು ಅದರ ಎರಡು ಮುಖಗಳನ್ನಷ್ಟೇ ನೋಡುತ್ತಾರೆ. ಒಂದು ಕಡೆ ಐದನೆಯ ಜಾರ್ಜ್ ದೊರೆಯ ತಲೆ; ಇನ್ನೊಂದು ಕಡೆ ಕುದುರೆಯೇರಿದ ಬೆತ್ತಲೆ ವೀರ, ಗೊರಸಿನ ಕೆಳಗೆ ಹದ್ದಿನ ಗುರುತಿರುವ ಗುರಾಣಿ. ಸಂಗ್ರಹದ ಹುಚ್ಚು ಹತ್ತಿದವನ ಕಣ್ಣು ಹೋಗುವುದು ಅಂಚಿಗೆ. ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ಪಡೆ ಇವಿಷ್ಟನ್ನೂ ಅಲ್ಲಿ ಪುಟ್ಟ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಲಕ್ಷಾಂತರ ಪದಕಗಳು ಒಂದೇ ವಿನ್ಯಾಸದವು. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಆ ಸಾಲೊಂದೇ. ಈ ವ್ಯಾಪಾರದ ಅತಿ ದೊಡ್ಡ ಮೋಸ ನಡೆಯುವುದೂ ಅಲ್ಲಿಯೇ.

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಡಗಿನ ದೀಪಗಳ, ಗ್ರಾಮಫೋನಿನ ಕಹಳೆಗಳ ನಡುವೆ ಸೈನಿಕ ಲಾಂಛನಗಳ ತಟ್ಟೆಗಳೂ ಕಾಣಸಿಗುತ್ತವೆ. ಅವುಗಳಲ್ಲಿ ಬಹುಪಾಲು ನಕಲಿ ಎಂಬುದು ನನ್ನ ಅನುಭವ. ಸುಲಭದ ನಕಲಿಯೆಂದರೆ ಎರಕದ್ದು. ಅಸಲಿ ಟೋಪಿ ಬಿಲ್ಲೆಯೊಂದರಿಂದ ಅಚ್ಚು ತೆಗೆದು ಅದರೊಳಗೆ ಹಿತ್ತಾಳೆ ಸುರಿಯುತ್ತಾರೆ. ಲೋಹ ಆರುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ, ತೊಳೆದುಹೋದಂತೆ ಮಸುಕಾದ ಅಕ್ಷರಗಳು ಕಾಣುತ್ತವೆ. ತಗಡನ್ನು ಯಂತ್ರದಲ್ಲಿ ಒತ್ತಿ ಮಾಡಿದ ಅಸಲಿ ಬಿಲ್ಲೆಯ ಬೆನ್ನು ಮುಂಭಾಗದ ಪಡಿಯಚ್ಚಿನಂತೆ ತಗ್ಗುಬಿದ್ದಿರುತ್ತದೆ; ಎರಕದ ಬೆನ್ನು ಸಾಮಾನ್ಯವಾಗಿ ಸಪಾಟು.

ಸವೆತವೂ ಸಾಕ್ಷಿ ಹೇಳುತ್ತದೆ. ವರ್ಷಗಟ್ಟಲೆ ಉಜ್ಜಿ ತೊಟ್ಟ ಬಿಲ್ಲೆ ಉಬ್ಬಿದ ಕಡೆಯಲ್ಲಿ ಸವೆದು, ತಗ್ಗಿನಲ್ಲಿ ಪಾಲಿಶಿನ ಒಣ ಕೆಸರನ್ನು ಉಳಿಸಿಕೊಂಡಿರುತ್ತದೆ. ರಾಸಾಯನಿಕದಲ್ಲಿ ಅದ್ದಿ ಮುದಿತನ ತಂದುಕೊಂಡ ಬಿಲ್ಲೆಗೆ ಉಬ್ಬು ತಗ್ಗುಗಳೆಲ್ಲ ಒಂದೇ ಬಣ್ಣ. ಕಿರೀಟದ ಆಕಾರವನ್ನೂ ಗಮನಿಸಬೇಕು. 1952ರಲ್ಲಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ಮೇಲೆ ಬ್ರಿಟಿಷ್ ಲಾಂಛನಗಳ ಕಿರೀಟ ಬದಲಾಯಿತು. ದುಂಡು ಕಮಾನಿನ ರಾಜಕಿರೀಟದ ಬದಲು ನಡುವೆ ತಗ್ಗಿದ ಕಮಾನಿನ ಕಿರೀಟ ಬಂತು. ಆ ಕಿರೀಟ ಹೊತ್ತ ಬಿಲ್ಲೆಯನ್ನು ಎರಡನೆಯ ಮಹಾಯುದ್ಧದ್ದೆಂದು ಮಾರುವವನಿಗೆ ಇತಿಹಾಸ ತಿಳಿದಿಲ್ಲ, ಇಲ್ಲವೇ ಕೊಳ್ಳುವವನಿಗೆ ತಿಳಿಯದೆಂಬ ಧೈರ್ಯವಿದೆ.

ಆದರೆ ಒರಟಾಗಿರುವುದೆಲ್ಲ ನಕಲಿಯೆಂದು ತಳ್ಳಿಹಾಕುವುದು ಇನ್ನೊಂದು ಅವಸರ. ಬರ್ಮಾ ರಂಗದ ಯುದ್ಧಕಾಲದಲ್ಲಿ ಎಷ್ಟೋ ಲಾಂಛನಗಳನ್ನು ನಮ್ಮ ಬಜಾರುಗಳ ದರ್ಜಿಗಳು ಕೈಯಲ್ಲೇ ಹೊಲಿದರು, ಕಂಚುಗಾರರು ಮರಳಿನ ಅಚ್ಚಿನಲ್ಲಿ ಎರೆದರು. ಅವು ಓರೆಕೋರೆಯಾಗಿಯೇ ಇರುತ್ತವೆ. ಬಟ್ಟೆಯ ಲಾಂಛನವನ್ನು ನೇರಳಾತೀತ ದೀಪದಡಿ ಹಿಡಿದಾಗ ದಾರ ಬೆಳ್ಳಗೆ ಹೊಳೆದರೆ ಅದು ಯುದ್ಧದ ನಂತರದ ನೂಲೆಂದು ಶಂಕಿಸುವುದು ವಾಡಿಕೆ. ಹಳೆಯ ಬಟ್ಟೆಯನ್ನು ಇಂದಿನ ಸಾಬೂನು ಪುಡಿಯಲ್ಲಿ ಒಗೆದಿದ್ದರೂ ಅದು ಹಾಗೆಯೇ ಹೊಳೆಯುತ್ತದೆ. ಯಾವ ಪರೀಕ್ಷೆಯೂ ಒಂಟಿಯಾಗಿ ತೀರ್ಪು ಕೊಡಲಾರದು; ನಾಲ್ಕು ಸಾಕ್ಷಿಗಳು ಒಂದೇ ಮಾತು ಹೇಳಬೇಕು.

ಇವೆಲ್ಲ ಹಣ ಕಳೆಯುವ ಮೋಸಗಳು. ನನ್ನನ್ನು ಕಲಕುವುದು ಬೇರೆಯದು: ಪದಕ ಅಸಲಿ, ಹೆಸರು ಸುಳ್ಳು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ನೆನಪು ಈಚೆಗೆ ಮರುಕಳಿಸಿದೆ. 2018ರಲ್ಲಿ ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ ಹೈಫಾದ ಹೆಸರು ಸೇರಿತು. ನೆನಪು ಬೆಳೆದಂತೆ ಬೇಡಿಕೆ, ಬೇಡಿಕೆಯ ಹಿಂದೆಯೇ ಅರ ಹಿಡಿದ ಕೈ.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಕನ್ನಡ ಸಂಘದ ಗೆಳೆಯರೊಬ್ಬರು ಅಂಥದೊಂದು ಪದಕವನ್ನು ನನ್ನೆದುರು ಇಟ್ಟರು. ಅವರ ತಾತ ಆ ಪಡೆಯಲ್ಲಿ ಸವಾರರಾಗಿದ್ದವರು. ಮನೆಯಲ್ಲಿ ಒಂದು ಭಾವಚಿತ್ರವೂ ಉಳಿದಿಲ್ಲ. ಪದಕದ ಮೇಲೆ ತಾತನ ಹೆಸರಿಲ್ಲದಿದ್ದರೂ ಪಡೆಯ ಹೆಸರಿತ್ತು. ಅಂಗಡಿಯವನು ನೋಡಿ ಬರಲೆಂದು ಕೊಟ್ಟುಕಳಿಸಿದ್ದ. ಕೇಳಿದ ಬೆಲೆ ಗೆಳೆಯರ ಎರಡು ತಿಂಗಳ ಪಿಂಚಣಿ. ಬೆಳ್ಳಿ ಅಪ್ಪಟವಾಗಿತ್ತು. ಆದರೆ ಈ ಪದಕದ ವ್ಯಾಸ 36 ಮಿಲಿಮೀಟರ್ ಇರಬೇಕು. ಕ್ಯಾಲಿಪರಿನಲ್ಲಿ ಅದು ಅಷ್ಟು ತೋರಲಿಲ್ಲ. ಹಿಂದಿನ ಗಡಿ ಕಾಳಗಗಳ ಪದಕಗಳಲ್ಲಿ ಕೈಯಿಂದ ಕೊರೆದ ಹೆಸರುಗಳುಂಟು, ಆದರೆ ಇದರಲ್ಲಿ ಅಕ್ಷರಗಳು ಒತ್ತಿದವಾಗಿರಬೇಕು. ಇಲ್ಲಿ ಅವು ಕೊರೆದವು, ಕೊರೆದ ಗೆರೆಗಳು ಇನ್ನೂ ಹರಿತ. ದೀಪವನ್ನು ಅಡ್ಡಲಾಗಿ ಹಿಡಿದಾಗ ಹೊಸ ಹೆಸರಿನ ಕೆಳಗೆ ಹಳೆಯದರ ನೆರಳು ತೇಲಿತು. ಹೆಸರು ಪೂರ್ತಿ ಹೋಗಿತ್ತು. ಉಳಿದದ್ದು ಕೊನೆಯ ಎರಡು ಪದಗಳ ಅರೆಬರೆ ಕಾಲುಗಳು: ಮ್ಯೂಲ್ ಕೋರ್.

ಹೇಸರಗತ್ತೆಗಳನ್ನು ನಡೆಸಿದ ಆ ಜನ ಫ್ರಾನ್ಸಿನ ಕೆಸರಿನಲ್ಲಿ, ಗಲಿಪೊಲಿಯ ಕಡಿದಾದ ದಿಬ್ಬಗಳಲ್ಲಿ ಗುಂಡಿನ ಮಳೆಯ ನಡುವೆ ನೀರು, ಅನ್ನ, ಮದ್ದು ಹೊತ್ತವರು. ಬಜಾರಿನಲ್ಲಿ ಅವರ ಪದಕಕ್ಕೆ ಬೆಳ್ಳಿಯ ತೂಕಕ್ಕಿಂತ ಹೆಚ್ಚಿನ ಬೆಲೆಯಿಲ್ಲ. ಹಾಗಾಗಿ ಅವರ ಹೆಸರನ್ನು ಉಜ್ಜಿ ತೆಗೆದರೆ ಯಾರಿಗೂ ನಷ್ಟವಿಲ್ಲವೆಂಬುದು ಲೆಕ್ಕಾಚಾರ.

ಗೆಳೆಯರು ಬಹಳ ಹೊತ್ತು ಪದಕವನ್ನು ತಿರುಗಿಸುತ್ತ ಕುಳಿತಿದ್ದರು. ಆಮೇಲೆ, "ನಮ್ಮ ತಾತನದಲ್ಲ, ಸರಿ. ಆದರೆ ಯಾರದೋ ತಾತನದು ತಾನೇ?" ಎಂದರು. ಮರುದಿನ ಅಂಗಡಿಗೆ ಹೋಗಿ, ಕಂಡದ್ದನ್ನೆಲ್ಲ ಅಂಗಡಿಯವನ ಮುಂದಿಟ್ಟು, ಬೆಳ್ಳಿಯ ದರಕ್ಕೇ ಅದನ್ನು ಕೊಂಡುತಂದರು. ಈಗ ಅದು ಅವರ ಮನೆಯ ಗಾಜಿನ ಕಪಾಟಿನಲ್ಲಿದೆ. ಕೆಳಗಿನ ಚೀಟಿಯಲ್ಲಿ ಅವರು ಬರೆದಿರುವುದು ಇಷ್ಟೇ: ಮ್ಯೂಲ್ ಕೋರಿನ ಒಬ್ಬ, ಹೆಸರು ಅಳಿಸಲಾಗಿದೆ.

ಸಂಗ್ರಹಕಾರರಾದ ನಾವು ಮಾರಾಟಗಾರನನ್ನು ಬೈದು ಸುಮ್ಮನಾಗುತ್ತೇವೆ. ಅವನು ಕೊರೆಸಿದ್ದು ನಾವು ಕೇಳಿದ ಹೆಸರನ್ನು. ಖ್ಯಾತ ಪಡೆಗೆ ಹತ್ತು ಪಟ್ಟು ಕೊಟ್ಟು ಹೇಸರಗತ್ತೆಯವನ ಪದಕವನ್ನು ಪಕ್ಕಕ್ಕೆ ಸರಿಸುವ ತನಕ ಅರಕ್ಕೆ ಬಿಡುವಿರುವುದಿಲ್ಲ. ಆದ್ದರಿಂದ ಹೊಸಬರು ಬಂದು ಕೇಳಿದಾಗ ನಾನು ಹೇಳುವುದು ಎರಡೇ ಮಾತು. ಅಂಗಡಿಯವನ ಕಥೆ ಕೇಳುವ ಮುನ್ನ ಅಂಚನ್ನು ಅಳೆಯಿರಿ. ಸಾಮಾನ್ಯನೊಬ್ಬನ ಹೆಸರು ಅಳಿಯದೆ ಉಳಿದ ಪದಕ ಕಂಡರೆ, ಕೊಳ್ಳದಿದ್ದರೂ ಆ ಹೆಸರನ್ನು ಬರೆದಿಟ್ಟುಕೊಳ್ಳಿ.