ತೆಂಗಿನ ಲೆಕ್ಕ

ನಮ್ಮ ಅಕ್ಕನಿಗೆ ಈಗ ಎಪ್ಪತ್ತೆಂಟು. ಹೊಳನಗದ್ದೆಯ ಮನೆಯ ತೆಂಗಿನ ಲೆಕ್ಕ ನಾಲ್ವತ್ತು ವರ್ಷಗಳಿಂದ ಅವಳ ಕೈಯಲ್ಲಿದೆ. ಎಷ್ಟು ಕಾಯಿ ಕೊಯ್ದದ್ದು, ಎಷ್ಟು ಸುಲಿದದ್ದು, ಕೊಯ್ದವನಿಗೆ ಕೂಲಿ ಎಷ್ಟು ಬಾಕಿ, ಎಲ್ಲವೂ ಒಂದು ಉದ್ದನೆಯ ಪುಸ್ತಕದಲ್ಲಿ. ಕಣ್ಣಿನ ಶಸ್ತ್ರಕ್ರಿಯೆಯಾದ ಮೇಲೂ ಗೆರೆಯ ಮೇಲೆ ಅಕ್ಷರ ನಿಲ್ಲದಾಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಣ್ಣನ ಮಗ ರಜೆಗೆ ಬಂದವನು, “ಅತ್ತೆ, ಫೋನಿನಲ್ಲೇ ಲೆಕ್ಕ ಬರೆಯುವಂತೆ ಒಂದು ಆ್ಯಪ್ ಮಾಡಿಕೊಡುತ್ತೇನೆ” ಎಂದ. ಎರಡೇ ದಿನದಲ್ಲಿ ಮಾಡಿಯೂ ಕೊಟ್ಟ. ಎರಡೇ ದಿನ ಎಂದಾಗ ನಾನು ಸಂಶಯಪಡಬೇಕಿತ್ತು.

ಅದು ಬ್ರೌಸರಿನಲ್ಲಿ ತೆರೆಯುವ ಜಾತಿಯದು. ಜಾಲತಾಣ ಕಟ್ಟುವ ಸಾಮಗ್ರಿಯಿಂದಲೇ ಕಟ್ಟಿದ್ದು. ಒಮ್ಮೆ ಬರೆದರೆ ಎಲ್ಲ ಕಡೆಯೂ ನಡೆಯುತ್ತದಂತೆ. ಮುಂಬಯಿಯಲ್ಲಿರುವ ಅಕ್ಕನ ಮಗಳೂ ತನ್ನ ಐಫೋನಿನಲ್ಲಿ ಅದೇ ಲೆಕ್ಕ ನೋಡಬಹುದು. ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಬ್ರೌಸರಿನ ಉಗ್ರಾಣದಲ್ಲಿ ಕಾದಿದ್ದು, ಸಿಕ್ಕಾಗ ಹೊರಡುತ್ತದೆ.

ಮಳೆಗಾಲದ ಮೊದಲ ಗಾಳಿಗೆ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋದವು. ಫೋನು ತುಂಬಿಕೊಂಡಿತೆಂದು ನೆರೆಮನೆಯ ಹುಡುಗ ಬ್ರೌಸರನ್ನು ತೊಳೆದುಕೊಟ್ಟ. ಅದರೊಡನೆ ಕೊಯ್ಲಿನ ಲೆಕ್ಕವೂ ತೊಳೆದುಹೋಯಿತು. ಅಕ್ಕನ ನೆನಪಿನಲ್ಲಿದ್ದ ಬಾಕಿ ಒಂದು, ಕಾಯಿ ಕೊಯ್ಯುವವನು ಹೇಳಿದ ಬಾಕಿ ಇನ್ನೊಂದು. ನಾಲ್ವತ್ತು ವರ್ಷಗಳಲ್ಲಿ ಮೊದಲ ಸಲ ಮಾತು ಬೆಳೆಯಿತು. ಅವನು ಹೇಳಿದಷ್ಟನ್ನೇ ಅಕ್ಕ ಎಣಿಸಿ ಕೊಟ್ಟಳು. ಆದರೆ ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಸುದ್ದಿ ಕೇಳಿ ಹುಡುಗ ಓಡಿಬಂದ. “ತಪ್ಪು ಬ್ರೌಸರಿನದಲ್ಲ ಚಿಕ್ಕಪ್ಪ, ಬೇರೆ ಕಡೆ ಪ್ರತಿ ಇಡದ ನನ್ನದು” ಎಂದ. ಪ್ರಾಮಾಣಿಕ ಹುಡುಗ. ಎರಡು ದಾರಿಗಳನ್ನೂ ಅವನು ವಿವರಿಸಿದಾಗ ನನಗೆ ಹೊಳೆದದ್ದು ಯಕ್ಷಗಾನ. ಡೇರೆ ಮೇಳ ಹೋದಲ್ಲೆಲ್ಲ ರಂಗಸ್ಥಳ, ಕುರ್ಚಿ, ದೀಪ ಎಲ್ಲವನ್ನೂ ಲಾರಿಯಲ್ಲಿ ಹೊತ್ತು ತಿರುಗುತ್ತದೆ. 2013ರಲ್ಲಿ ಹುಟ್ಟಿದ ಎಲೆಕ್ಟ್ರಾನ್ ಎಂಬುದು ಹಾಗೆಯೇ. ಅದರಲ್ಲಿ ಕಟ್ಟಿದ ಪ್ರತಿಯೊಂದು ಆ್ಯಪೂ ಒಂದು ಇಡೀ ಕ್ರೋಮಿಯಂ ಬ್ರೌಸರನ್ನು ಹೊತ್ತು ಬರುತ್ತದೆ. ಚೀಟಿ ಬರೆಯುವ ಆ್ಯಪೂ ನೂರು ಎಂಬಿ ತೂಗುತ್ತದೆ! ಇನ್ನೊಂದು ಬಗೆ ಬಯಲಾಟದ್ದು: ಊರಿನ ಗದ್ದೆ, ಊರಿನ ಚಪ್ಪರ, ಅಂದರೆ ಫೋನಿನಲ್ಲಿ ಮೊದಲೇ ಇರುವ ಗುಂಡಿ, ಅಕ್ಷರಗಳನ್ನೇ ಬಳಸುವುದು. ಹಗುರ, ಆದರೆ ಊರೂರಿನ ರೀತಿ ಕಲಿಯಬೇಕು. ಆಂಡ್ರಾಯ್ಡಿಗೆ ಕೋಟ್ಲಿನ್, ಐಫೋನಿಗೆ ಸ್ವಿಫ್ಟ್.

ಹಣವಿದ್ದವರೂ ಇಲ್ಲಿ ಓಲಾಡಿದ್ದಾರೆ. ಎಚ್‌ಟಿಎಂಎಲ್5ನ್ನು ಅತಿಯಾಗಿ ನಂಬಿದ್ದೇ ತಮ್ಮ ದೊಡ್ಡ ತಪ್ಪೆಂದು ಫೇಸ್‌ಬುಕ್‌ನ ಜುಕರ್‌ಬರ್ಗ್ 2012ರಲ್ಲಿ ಒಪ್ಪಿಕೊಂಡರು. ಅವರದೇ ವಾಟ್ಸ್‌ಆ್ಯಪ್ ವಿಂಡೋಸ್‌ನಲ್ಲಿ 2022ರಲ್ಲಿ ಬಯಲಾಟಕ್ಕೆ ಬಂದು, 2025ರಲ್ಲಿ ತಿರುಗಿ ಜಾಲದ ಡೇರೆ ಹೊಕ್ಕಿತು. ಹಾಗೆಂದು ಜಾಲದ ದಾರಿಯನ್ನು ಹಳಿಯಲಾರೆ. 2017ರಲ್ಲಿ ಬಂದ ಜಿಯೋಫೋನ್‌ನ ಆ್ಯಪ್‌ಗಳೆಲ್ಲ ಆ ಸಾಮಗ್ರಿಯವೇ, ಅದು ಬಡವರ ಕೈಗೂ ಎಟುಕಿತು. ನನ್ನ ತಕರಾರು ಇಷ್ಟೇ: ಎರಡು ದಿನದಲ್ಲಿ ಹುಡುಗ ಉಳಿಸಿಕೊಂಡ ಶ್ರಮವನ್ನು ಕಡೆಗೆ ಅಕ್ಕ ಹೊತ್ತಳು.

ಎರಡನೆಯದಕ್ಕೆ ಮೂರು ವಾರ ಹಿಡಿಯಿತು. ಮುಟ್ಟಿದೊಡನೆ ತೆರೆಯುತ್ತದೆ. ಅಕ್ಕ ಫೋನಿನಲ್ಲಿ ಇಟ್ಟುಕೊಂಡಿದ್ದ ದಪ್ಪಕ್ಷರವನ್ನು ಕೇಳದೆಯೇ ಪಾಲಿಸುತ್ತದೆ. ಮೊದಲಿನದರಲ್ಲಿ ಅಕ್ಷರದ ಅಳತೆಯನ್ನು ಇವನೇ ಬಿಗಿದಿಟ್ಟಿದ್ದ. ದಿನವೂ ಸಂಜೆ ಒಂದು ಪ್ರತಿ ಬೇರೆ ಕಡೆ ಸೇರುತ್ತದೆ. ಆದರೆ ಮುಂಬಯಿಯ ಮಗಳಿಗೆ ಏನೂ ಕಾಣದು.

“ದೀಪಾವಳಿಯೊಳಗೆ ಐಫೋನಿಗೂ ಬರೆದುಕೊಡುತ್ತೇನೆ ಅತ್ತೆ” ಎಂದ ಹುಡುಗ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಬೇಡ ತಮಾ. ಈಗ ಕಾಯಿ ಎಷ್ಟಾಯ್ತು ಅಂತ ಕೇಳ್ಲಿಕ್ಕೆ ಐತವಾರಕ್ಕೊಮ್ಮೆ ಫೋನ್ ಮಾಡ್ತಾಳೆ. ಅಲ್ಲೇ ಕಂಡುಬಿಟ್ರೆ ಮತ್ತೆ ಯಾಕೆ ಮಾಡ್ತಾಳೆ?”